ಕೊಬ್ಬರಿ ತುಲಾಭಾರ

ಮೊನ್ನೆ ಬೇಲೂರಿನಲ್ಲಿ ನೆಂಟರ ಮದುವೆಯಿತ್ತು. ನಮ್ಮ ಕಡೆ ಮದುವೆ ಮನೆಯಲ್ಲಿ ಕ್ಷೇಮಸಮಾಚಾರ ಶುರುವಾಗುವುದೇ ಮೈಯಿಂದ. ಚೆನ್ನಾಗಿದ್ದೀಯಾ ಎಂದು ಕೇಳುವ ಮೊದಲು ಎದುರಿಗಿದ್ದವರ ಕಣ್ಣು ನಮ್ಮ ತಲೆಯಿಂದ ಕಾಲಿನವರೆಗೆ ಒಮ್ಮೆ ಇಳಿದು ಮತ್ತೆ ಹತ್ತಿ ಬರುತ್ತದೆ. ಆಮೇಲೆ ತೀರ್ಪು. “ಇಳಿದ್ಬಿಟ್ಟಿದೀಯಲ್ಲೇ, ಶುಗರ್ರಾ?” ಇಲ್ಲವೇ “ಏನೇ ಮಂಜುಳಾ, ಇಷ್ಟೊಂದು ಊದಿದೀಯ?” ನನ್ನ ಪಾಲಿಗೆ ಬರುವುದು ಯಾವಾಗಲೂ ಎರಡನೆಯದು. ಛತ್ರದ ಬಾಗಿಲಿನಿಂದ ಮಂಟಪದವರೆಗೆ ಹೋಗುವಷ್ಟರಲ್ಲಿ ಅದನ್ನೇ ಬೇರೆ ಬೇರೆ ಬಾಯಿಂದ ಕೇಳಿ, ಎಲ್ಲರಿಗೂ ನಕ್ಕು, ಅಕ್ಷತೆ ಹಾಕಿದೆ. ಅಷ್ಟಕ್ಕೆ ಸೊಂಟ ಇನ್ನು ನನ್ನ ಕೈಲಾಗದು ಎಂದಿತು.

ಮುಹೂರ್ತಕ್ಕೆ ಮುಂಚೆ ದೇವಸ್ಥಾನಕ್ಕೂ ಹೋಗಿ ಬಂದಿದ್ದೆ. ಹಿಂದೆಲ್ಲ ಅಲ್ಲಿನ ಶಿಲಾಬಾಲಿಕೆಯರನ್ನು ಕತ್ತೆತ್ತಿ ನೋಡಿ ಆಹಾ ಎನ್ನುತ್ತಿದ್ದವಳು ನಾನೇ. ಈಗ ಸೊಂಟ ಓರೆ ಮಾಡಿಕೊಂಡು ನಿಂತವಳನ್ನು ಕಂಡರೆ, ಇಷ್ಟು ಹೊತ್ತು ಹೀಗೆ ನಿಂತರೆ ಇವಳಿಗೆ ನೋಯುವುದಿಲ್ಲವೇ ಎಂದು ಮೊದಲು ಅನ್ನಿಸುತ್ತದೆ. ನೋವಿರುವವರ ರಸಿಕತೆ ಇಷ್ಟೇ.

ಕೂರಲು ಜಾಗ ಹುಡುಕುತ್ತ ಛತ್ರದ ಉಗ್ರಾಣಕ್ಕೆ ಹೋದೆ. ಅಕ್ಕಿ ಮೂಟೆಯ ಮೇಲೆ ಕೂತೆ. ಪಕ್ಕದಲ್ಲಿ ಬಾಯಿ ಬಿಚ್ಚಿದ ಚೀಲದ ತುಂಬ ಉಂಡೆ ಕೊಬ್ಬರಿ. ಎಣ್ಣೆಯ ಸಿಹಿ ವಾಸನೆ, ಅದರ ಹಿಂದೆಯೇ ಸಣ್ಣಗೆ ಕಮಟು. ಬೇರೆಯವರಿಗೆ ಅದು ಹಬ್ಬದ ವಾಸನೆ. ನನಗೆ ಮಾತ್ರ ಕೊರೋನಾ ಮುಗಿದು ಜನ ಮಾಸ್ಕು ಮರೆತ ಆ ವರ್ಷದ ವಾಸನೆ. ಅರಸೀಕೆರೆಯ ನಮ್ಮ ಮನೆಯಲ್ಲಿ ನನ್ನನ್ನು ಕೊಬ್ಬರಿಗೆ ಸಮನಾಗಿ ತೂಗಲು ಹೊರಟ ವರ್ಷ ಅದು.

ನಮ್ಮದು ತೆಂಗಿನ ತೋಟ ಇರುವ, ಕೊಬ್ಬರಿ ಮಂಡಿಯೂ ಇರುವ ಮನೆ. ಕೆಳಗೆ ನಾವು, ಅಟ್ಟದ ಮೇಲೆ ಕಾಯಿ. ಅಟ್ಟಕ್ಕೆ ಹಾಕಿದ ಕಾಯಿ ಹತ್ತಿರ ಹತ್ತಿರ ಒಂದು ವರ್ಷ ಅಲ್ಲೇ ಒಣಗಿ, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗೆ ಗುಡುಗುಡು ಎನ್ನುವವರೆಗೂ ಯಾರೂ ಅದನ್ನು ಅವಸರಪಡಿಸುವುದಿಲ್ಲ. ಮನುಷ್ಯರ ವಿಷಯದಲ್ಲಿ ಆ ತಾಳ್ಮೆ ನಮ್ಮ ಮನೆಯವರಿಗೆ ಕಡಿಮೆ. ಮನೆಯಲ್ಲಿ ಮಾವ, ಅತ್ತೆ ಗೌರಮ್ಮ, ನನ್ನ ಗಂಡ ಲೋಕೇಶ್, ನಾನು. ಮಗಳು ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು.

ನೋವು ಶುರುವಾದದ್ದು ಆ ಮಗಳು ಹುಟ್ಟಿದ ಮೇಲೆ. ಬೆನ್ನಿನ ಬುಡದಲ್ಲಿ, ಸೊಂಟದ ಎರಡೂ ಕಡೆ. “ತೌರುಮನೇಲಿ ಬಾಣಂತನ ಸರಿಯಾಗಿ ಮಾಡ್ಲಿಲ್ಲ” ಎಂದು ಅತ್ತೆ ಹೇಳಿದರು. “ಆ ಮನೇಲಿ ಬಾಣಂತಿ ಕೈಲಿ ಬಿಂದಿಗೆ ಹೊರ್ಸಿದ್ರು” ಎಂದು ಮಾದಿಹಳ್ಳಿಯಲ್ಲಿರುವ ನನ್ನ ಅಮ್ಮ ಹೇಳಿದರು. ಇಬ್ಬರು ಹೆಂಗಸರು ಎಷ್ಟೋ ವರ್ಷ ನನ್ನ ಸೊಂಟದ ಮೇಲೆ ನಿಂತು ಜಗಳವಾಡಿದರು. ನೋವು ಹೆಚ್ಚಾದಂತೆ ಓಡಾಟ ಕಡಿಮೆಯಾಯಿತು, ಓಡಾಟ ಕಡಿಮೆಯಾದಂತೆ ಮೈ ಬಂತು. ಮೊದಲು ಬಂದದ್ದು ನೋವು, ಆಮೇಲೆ ಬಂದದ್ದು ಮೈ. ಈ ಸರದಿಯನ್ನು ಎಷ್ಟು ಸಲ ಹೇಳಿದರೂ ಯಾರ ತಲೆಗೂ ಹೋಗಲಿಲ್ಲ. ಮೈ ಕಣ್ಣಿಗೆ ಕಾಣುತ್ತದೆ, ನೋವು ಕಾಣುವುದಿಲ್ಲ. ಕಂಡದ್ದೇ ಕಾರಣ ಎಂದು ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು.

ಆ ವರ್ಷ ಮಾಗಿಯ ಚಳಿ ಜೋರಾಗಿತ್ತು. ನನ್ನ ಕಾಯಿಲೆಯಲ್ಲಿ ಬೆಳಗಿನ ಹೊತ್ತೇ ಶತ್ರು. ರಾತ್ರಿಯೆಲ್ಲ ಮಲಗಿದ ಮೈ ಬೆಳಗಾಗುವಷ್ಟರಲ್ಲಿ ಹಲಗೆಯಾಗಿರುತ್ತದೆ. ಒಂದು ಮಗ್ಗುಲಿಗೆ ಹೊರಳಿ, ಮಂಚದ ಅಂಚು ಹಿಡಿದು, ಉಸಿರು ಬಿಗಿಹಿಡಿದು ಏಳಬೇಕು. ಎದ್ದು ಒಂದಿಷ್ಟು ಓಡಾಡಿದರೆ ಬಿಡುತ್ತದೆ. ಆದರೆ ಆ ಓಡಾಡುವ ಹೊತ್ತಿಗೆ ಹೊರಗೆ ಅತ್ತೆ ಅಂಗಳಕ್ಕೆ ನೀರು ಹಾಕಿ, ರಂಗೋಲಿ ಬಿಟ್ಟು, ಕಾಫಿಗೆ ಹಾಲಿಟ್ಟಿರುತ್ತಿದ್ದರು. ಬಕೆಟ್ಟು ಇಡುವ ಸದ್ದಿನಲ್ಲಿಯೇ ಎಲ್ಲ ಗೊತ್ತಾಗುತ್ತಿತ್ತು. ಅವರು ಬೈಯುತ್ತಿರಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. “ಎದ್ದೇನಮ್ಮ? ಮಧ್ಯಾಹ್ನ ಆದಮೇಲೆ ಮೈ ಹಗುರಾಗ್ತದೆ ಅಲ್ವಾ ನಿಂಗೆ” ಎನ್ನುತ್ತಿದ್ದರು. ಅದು ನಿಜವೇ ಆಗಿತ್ತು.

ಚಳಿ ಹೋದ ಮೇಲೆ ಎದುರು ಮನೆಯ ಸರೋಜಕ್ಕ ಒಂದು ಉಪಾಯ ತಂದರು. ಶನಿವಾರ ಶನಿವಾರ ಮಾಲೇಕಲ್ಲು ಬೆಟ್ಟ ಹತ್ತಿ ಅವರ ತಂಗಿ ತೆಳ್ಳಗಾಗಿದ್ದಳಂತೆ. “ಹತ್ಸಿ ಗೌರಕ್ಕ, ಮೂರು ಶನಿವಾರಕ್ಕೆ ನಿಮ್ಮ ಸೊಸೆ ಸೊಂಟ ಬಳ್ಳಿ ಆಗ್ತದೆ” ಎಂದರು. ಆ ಬೆಟ್ಟದ ಮೇಲಿರುವುದು ವಿಷ್ಣು, ನಾವು ಶಿವನ ಒಕ್ಕಲು. ಆದರೆ ನನ್ನ ತೂಕದ ವಿಷಯದಲ್ಲಿ ನಮ್ಮ ಮನೆಯವರಿಗೆ ಶಿವ, ವಿಷ್ಣು ಎಂಬ ಭೇದವಿರಲಿಲ್ಲ. ಲೋಕೇಶ್ ಬೂಟು ಕೊಡಿಸಿದರು. ಶನಿವಾರ ಬೆಳಗ್ಗೆ ಮೆಟ್ಟಿಲು ಹತ್ತಲು ಶುರು ಮಾಡಿದೆವು.

ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಬಲಗಾಲು ನನ್ನದಲ್ಲ ಎನ್ನುವಂತಾಯಿತು. ಬಂಡೆಗೆ ಒರಗಿ ಕೂತೆ. ದರ್ಶನ ಮುಗಿಸಿ ಇಳಿಯುತ್ತಿದ್ದ ಒಬ್ಬ ಅಜ್ಜಿ ನಿಂತು, “ಗೋವಿಂದಾ ಅನ್ನವ್ವ, ಇನ್ನೇನ್ ಬಂದೇಬಿಡ್ತು” ಎಂದು ಧೈರ್ಯ ಹೇಳಿ ಹೋದಳು. ಲೋಕೇಶ್ ಮೇಲಿನ ಮೆಟ್ಟಿಲ ಮೇಲೆ ನಿಂತು ಕೆಳಗಿನ ತೋಟಗಳನ್ನು ನೋಡುತ್ತಿದ್ದರು.

“ಮಂಜು, ಇನ್ನೊಂಚೂರು. ಮನಸ್ಸು ಮಾಡಿದ್ರೆ ಆಗುತ್ತೆ.”

“ಮನಸ್ಸು ಮಾಡಿದ್ದಕ್ಕೇ ಇಲ್ಲೀವರೆಗೂ ಬಂದಿರೋದು ರೀ.”

ಮತ್ತೆ ಎದ್ದೆ. ಹತ್ತಿದೆ. ದೇವರನ್ನು ನೋಡಿದೆ. ಏನು ಕೇಳಿಕೊಂಡೆನೋ ನೆನಪಿಲ್ಲ, ಇಳಿಯುವುದು ಹೇಗೆ ಎಂಬ ಚಿಂತೆಯಲ್ಲಿದ್ದೆ. ಮಾರನೆಯ ದಿನದಿಂದ ಹಾಸಿಗೆ. ಎರಡನೆಯ ಶನಿವಾರ ಬರಲೇ ಇಲ್ಲ. “ಅಭ್ಯಾಸ ಇಲ್ದಿದ್ದಕ್ಕೆ ಹಂಗಾಯ್ತು, ಬಿಡಬಾರ್ದಿತ್ತು” ಎಂದು ಸರೋಜಕ್ಕ ಬಾಗಿಲಲ್ಲಿ ನಿಂತು ಹೇಳಿದ್ದು ಒಳಗೆ ಮಲಗಿದ್ದ ನನಗೂ ಕೇಳಿಸಿತು.

ಆಮೇಲೆ ಲೋಕೇಶ್ ನನ್ನನ್ನು ಹಾಸನಕ್ಕೆ ಒಬ್ಬರು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ರಕ್ತ ಪರೀಕ್ಷೆ, ಸ್ಕ್ಯಾನು ಎಲ್ಲ ನೋಡಿ ಆಕೆ, ಇದು ವಾತದ ಜಾತಿಯ ಕಾಯಿಲೆ, ಬೆನ್ನುಮೂಳೆಯ ಕೀಲುಗಳಲ್ಲಿ ಉರಿಯೂತ ಇದೆ ಎಂದರು. “ತೂಕ ಇಳಿಸಿದ್ರೆ ಬೆನ್ನಿಗೆ ಸ್ವಲ್ಪ ಆರಾಮ ಸಿಗುತ್ತೆ. ಆದ್ರೆ ತೂಕದಿಂದ ಬಂದ ಕಾಯಿಲೆ ಅಲ್ಲ ಇದು. ತೆಳ್ಳಗಿರೋರಿಗೂ ಬರುತ್ತೆ. ಪೂರ್ತಿ ಹೋಗೋದಿಲ್ಲ, ಮಾತ್ರೆ ತಪ್ಪಿಸದೆ ತಗೊಂಡ್ರೆ ಹತೋಟಿಯಲ್ಲಿ ಇಡಬಹುದು.” ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ. ವಾಸಿಯಾಗದ ಕಾಯಿಲೆ ಎಂದು ಕೇಳಿ ಯಾರಾದರೂ ಸಂತೋಷಕ್ಕೆ ಅಳುತ್ತಾರೆಯೇ? ನಾನು ಅತ್ತೆ. ಇಷ್ಟು ವರ್ಷ ಸೋಮಾರಿತನ ಎನ್ನಿಸಿಕೊಂಡದ್ದಕ್ಕೆ ಒಂದು ಹೆಸರು ಸಿಕ್ಕಿತ್ತು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕೇಳಿದರು. “ಏನಂದ್ರು ಡಾಕ್ಟ್ರು?”

ಲೋಕೇಶ್ ಚಪ್ಪಲಿ ಬಿಡುತ್ತ, “ತೂಕ ಇಳಿಸ್ಬೇಕಂತೆ” ಎಂದರು.

ಉಳಿದ ಮಾತೆಲ್ಲ ಹಾಸನದ ದಾರಿಯಲ್ಲಿ ಎಲ್ಲೋ ಬಿದ್ದುಹೋಗಿತ್ತು. ನಾನು ಹೆಕ್ಕಿ ಹೇಳಲು ಹೋದೆ. “ನಾನೂ ಅದನ್ನೇ ಹೇಳ್ತಿದ್ದಿದ್ದು, ಕಾಸಿಲ್ದೆ” ಎಂದು ಅತ್ತೆ ಒಳಗೆ ಹೋದರು. ಮಾರನೆಯ ದಿನದಿಂದ ನನ್ನ ತಟ್ಟೆ ಬೇರೆಯಾಯಿತು. ಬೆಳಗ್ಗೆ ಬಿಸಿನೀರಿಗೆ ನಿಂಬೆಹಣ್ಣು, ಮಧ್ಯಾಹ್ನ ಹುರುಳಿ ಕಟ್ಟು, ರಾತ್ರಿ ಅರ್ಧ ಮುದ್ದೆ. ಎರಡನೆಯ ರೊಟ್ಟಿಗೆ ಕೈ ಹಾಕಿದರೆ ಅತ್ತೆ ಬುಟ್ಟಿಯನ್ನು ಮಾವನ ಕಡೆಗೆ ಸರಿಸುತ್ತಿದ್ದರು. ಬಂದವರ ಮುಂದೆ, “ಇವಳು ಪಥ್ಯದಲ್ಲಿದಾಳೆ” ಎಂದು ಹೆಮ್ಮೆಯಿಂದ ಹೇಳಿ, ಅದೇ ಬಂದವರು ತಂದ ಮೈಸೂರು ಪಾಕನ್ನು ಎಲ್ಲರಿಗೂ ಹಂಚುತ್ತಿದ್ದರು. ಮಾತ್ರೆಯನ್ನು ಹೊಟ್ಟೆ ತುಂಬ ಊಟ ಮಾಡಿದ ಮೇಲೆ ನುಂಗಿ ಎಂದು ಡಾಕ್ಟರಮ್ಮ ಹೇಳಿದ್ದರು. ಹುರುಳಿ ಕಟ್ಟಿನ ಮೇಲೆ ನುಂಗಿ ನುಂಗಿ ಹೊಟ್ಟೆ ಉರಿಯತೊಡಗಿತು. ನೋವಿದ್ದ ಕಡೆ ನೋವು ಇದ್ದೇ ಇತ್ತು. ಸುಸ್ತಾಗಿ ಮಾತ್ರೆಯನ್ನೇ ನಿಲ್ಲಿಸಿದೆ.

ಆಷಾಢದಲ್ಲಿ ಅಮ್ಮನ ಮನೆಗೆ ಹೋದೆ. ಮಾದಿಹಳ್ಳಿಯಲ್ಲಿ ಗದ್ದೆಗೆ ನೀರು ಬಿಟ್ಟಿದ್ದರು, ಜಿಟಿಜಿಟಿ ಮಳೆ. ಅಮ್ಮ ಡೈರಿಗೆ ಹಾಲು ಹಾಕಿ ಬಂದು, ನನ್ನನ್ನು ಮಗ್ಗುಲಿಗೆ ಮಲಗಿಸಿ ಬಿಸಿ ಉಪ್ಪಿನ ಗಂಟಿನಿಂದ ಶಾಖ ಕೊಟ್ಟರು. ಸುಖವಾಗಿತ್ತು. ಕೈ ಆಡಿಸುತ್ತಲೇ, “ನಮ್ಮ ವಂಶದಾಗೆ ಯಾರೂ ಹಿಂಗೆ ಮೈ ಬಿಟ್ಟಿರ್ಲಿಲ್ಲ ಕಣೇ” ಎಂದರು. ನಾನು ಗೋಡೆಯ ಕಡೆ ಮುಖ ಮಾಡಿಯೇ ಇದ್ದೆ. ಅತ್ತೆಯ ಮಾತಾದರೆ ಗಂಡನ ಹತ್ತಿರ ಹೇಳಿಕೊಳ್ಳಬಹುದು, ಗಂಡನ ಮಾತಾದರೆ ಅಮ್ಮನ ಹತ್ತಿರ. ಅಮ್ಮನ ಮಾತನ್ನು ಎಲ್ಲಿ ಹೇಳಿಕೊಳ್ಳುವುದು? ಬಹಳ ದಣಿವಾಯಿತು. ಒಂದಷ್ಟು ದಿನ ಇರುತ್ತೇನೆ ಎಂದು ಬಂದವಳು ಎರಡೇ ದಿನಕ್ಕೆ ಬಸ್ಸು ಹತ್ತಿದೆ.

ಶ್ರಾವಣದಲ್ಲಿ ಬಿದ್ದೆ. ಜಾರಿ ಬಿದ್ದದ್ದಲ್ಲ. ಒಂದು ಬೆಳಗ್ಗೆ ಏಳಲು ಹೋದರೆ ಮೈ ಏಳಲಿಲ್ಲ. ಮಗ್ಗುಲು ಹೊರಳಿದರೂ ಕೂಗು ಬರುತ್ತಿತ್ತು. ಬಚ್ಚಲಿಗೆ ಲೋಕೇಶ್ ಎತ್ತಿ ನಿಲ್ಲಿಸಿ ನಡೆಸಬೇಕು. ಆಗ ಅತ್ತೆಗೆ ನಿಜವಾಗಿ ಭಯವಾಯಿತು. ಪಥ್ಯದ ಮಾತು ನಿಂತಿತು. ಮಂಚದ ಅಂಚಿನಲ್ಲಿ ಕೂತು ನೀಲಗಿರಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು. ಕಾಯಿ ಹೆರಕಿ ಹೆರಕಿ ಒರಟಾದ ಕೈ. ಒಮ್ಮೆ ತಿಕ್ಕುತ್ತ ತಿಕ್ಕುತ್ತ ಅವರ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿದೆ. ಆ ಹೊತ್ತಿಗೆ ನನಗೆ ಅವರ ಮೇಲೆ ತುಂಬ ಪ್ರೀತಿ ಬಂತು. ಇವರು ಕೆಟ್ಟವರಾಗಿದ್ದರೆ ನನ್ನ ಕೆಲಸ ಎಷ್ಟು ಸುಲಭವಾಗುತ್ತಿತ್ತು.

ಶ್ರಾವಣ ಸೋಮವಾರ ಅತ್ತೆ ಮನೆದೇವರ ಗುಡಿಗೆ ಹೋಗಿ ಮಳೆಯಲ್ಲಿ ನೆನೆದುಕೊಂಡು ಬಂದರು. ಸೆರಗು ಹಿಂಡುವುದಕ್ಕೂ ನಿಲ್ಲದೆ ನನ್ನ ಹಣೆಗೆ ವಿಭೂತಿ ಹಚ್ಚಿ, “ಹರಕೆ ಹೊತ್ಬಂದಿದೀನಿ ಕಣೇ. ನೀನು ಎದ್ದು ಓಡಾಡಂಗಾಗಿ ಈ ನೋವು ಹೋದ್ರೆ, ನಿನ್ನ ತೂಕದಷ್ಟು ಉಂಡೆ ಕೊಬ್ಬರಿ ತೂಗಿ ಕೊಡ್ತೀನಿ ಅಂತ” ಎಂದರು. ಕೆಲವರು ಬೆಲ್ಲ ತೂಗುತ್ತಾರೆ, ಕೆಲವರು ಅಕ್ಕಿ. ನಮ್ಮ ಮನೆಯಲ್ಲಿ ಇರುವುದು ಕೊಬ್ಬರಿ.

ಬಾಗಿಲಲ್ಲಿ ನಿಂತಿದ್ದ ಮಾವ, “ಒಳ್ಳೆ ಕೆಲ್ಸ ಮಾಡ್ದೆ. ಆದ್ರೆ ಅಟ್ಟ ಖಾಲಿ ಆದ್ರೆ ನನ್ನ ಕೇಳ್ಬೇಡಿ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕರೆ ಪಕ್ಕೆಲುಬು ನೋಯುತ್ತಿತ್ತು.

ಅದೇ ವಾರ ಲೋಕೇಶ್ ಕಾರಿನ ಹಿಂದಿನ ಸೀಟಿನಲ್ಲಿ ನನ್ನನ್ನು ಮಲಗಿಸಿಕೊಂಡು ಹಾಸನಕ್ಕೆ ಹೋದರು. ಮಾತ್ರೆ ನಿಲ್ಲಿಸಿದ್ದಕ್ಕೆ ಡಾಕ್ಟರಮ್ಮ ಇಬ್ಬರಿಗೂ ಬೈದು, ಬೇರೆ ಔಷಧ ಬರೆದುಕೊಟ್ಟರು. ನಿಧಾನಕ್ಕೆ ಹತೋಟಿಗೆ ಬಂತು. ದಸರಾ ಹೊತ್ತಿಗೆ ಗೋಡೆ ಹಿಡಿಯದೆ ಓಡಾಡುತ್ತಿದ್ದೆ. ಕೀರ್ತಿಯೆಲ್ಲ ಮನೆದೇವರಿಗೆ ಹೋಯಿತು. ಹೋಗಲಿ, ನನಗೇನು? ಔಷಧ ಹೊಗಳಿಕೆ ಕೇಳುವುದಿಲ್ಲ.

ಆದರೆ ಅಲ್ಲಿಂದ ಮುಂದೆ ಮನೆಯಲ್ಲಿ ಎಲ್ಲ ತಲೆಕೆಳಗಾಯಿತು. ಒಂದು ದಿನ ಊಟಕ್ಕೆ ಕೂತಾಗ ಅತ್ತೆ ನನ್ನ ತಟ್ಟೆಗೆ ಹೋಳಿಗೆ ಹಾಕಿ, ಅದರ ಮೇಲೆ ತುಪ್ಪ ಸುರಿದರು. ಗಾಬರಿಯಿಂದ ಅವರ ಮುಖ ನೋಡಿದೆ.

“ತಿನ್ನು. ಹರಕೆ ಹೊತ್ತಾಗ ಎಷ್ಟಿದ್ಯೋ ಅಷ್ಟೇ ಇರ್ಬೇಕು. ಹಾಸಿಗೆ ಹಿಡಿದು ಒಂಚೂರು ಇಳಿದಿದೀಯ. ಇಳಿಸ್ಕೊಂಡು ಹೋಗಿ ತಕ್ಕಡಿ ಮೇಲೆ ಕೂತ್ರೆ ದೇವ್ರಿಗೆ ತೂಕದಲ್ಲಿ ಮೋಸ ಮಾಡ್ದಂಗೆ.”

ಮಂಡಿ ಮನೆಯವರಿಗೆ ತೂಕದ ಮೋಸ ಎಂದರೆ ಎಲ್ಲಕ್ಕಿಂತ ದೊಡ್ಡ ಪಾಪ. ಮಾವನೂ ತಲೆಯಾಡಿಸಿದರು. ಯಾವ ಕೈ ರೊಟ್ಟಿಯ ಬುಟ್ಟಿಯನ್ನು ಸರಿಸುತ್ತಿತ್ತೋ ಅದೇ ಕೈ ಈಗ ಬೇಡ ಬೇಡ ಎಂದರೂ ಬಡಿಸುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರೆ. ನಮ್ಮಲ್ಲಿ ಎತ್ತೂ ಅವರೇ, ಕೋಣವೂ ಅವರೇ, ನಡುವಿನ ಗಾಡಿ ನಾನು. ವಾದ ಮಾಡುವ ತ್ರಾಣ ಇರಲಿಲ್ಲ. ತಿಂದೆ. ರುಚಿಯಾಗಿತ್ತು ಎಂಬುದನ್ನೂ ಹೇಳಬೇಕು.

ನನ್ನನ್ನು ಹೆದರಿಸಿದ್ದು ಹೋಳಿಗೆಯಲ್ಲ. ಒಂದು ಸಂಜೆ ದೇವರ ದೀಪಕ್ಕೆ ಬಗ್ಗಿದಾಗ ಸೊಂಟ ಹಿಡಿದು ‘ಅಮ್ಮಾ’ ಎಂದೆ. ಅತ್ತೆ ಒಳಗಿನಿಂದ ಓಡಿ ಬಂದು, “ಶ್! ಹಂಗನ್ಬೇಡ” ಎಂದರು. “ವಾಸಿ ಮಾಡಿದಾನೆ ಅಂತ ಅವನಿಗೆ ಒಪ್ಪಿಸೋಕೆ ಹೊರಟಿದೀವಿ. ನೀನು ನೋವು ನೋವು ಅಂದ್ರೆ ಅವನೇನ್ ತಿಳ್ಕೊಂಡಾನು?”

“ಅತ್ತೆ, ಕಮ್ಮಿ ಆಗಿದೆ. ಹೋಗಿಲ್ಲ.”

“ಹೋಗ್ತದೆ. ಮೊದ್ಲು ನಾವು ಕೊಟ್ಬಿಟ್ರೆ ಅವನೂ ಪೂರ್ತಿ ಮಾಡ್ತಾನೆ. ಆಮೇಲೆ ಆ ಮಾತ್ರೆನೂ ನಿಲ್ಸು. ಹರಕೆ ತೀರಿಸಿದ್ಮೇಲೂ ಮಾತ್ರೆ ನುಂಗಿದ್ರೆ ದೇವ್ರ ಮೇಲೆ ಅನುಮಾನ ಪಟ್ಟಂಗಾಗ್ತದೆ.”

ಲೋಕೇಶ್ ಪೇಪರು ಮಡಿಸುತ್ತ, “ನೋಡೋಣ ಬಿಡಮ್ಮ” ಎಂದರು. ನಮ್ಮ ಮನೆಯಲ್ಲಿ ನೋಡೋಣ ಎಂದರೆ ಆಗಲಿ ಎಂದರ್ಥ.

ಅಂದು ನನಗೆ ಎಲ್ಲ ಸ್ಪಷ್ಟವಾಯಿತು. ಇಷ್ಟು ದಿನ ನನ್ನ ನೋವನ್ನು ಸೋಮಾರಿತನ ಎನ್ನುತ್ತಿದ್ದರು, ಕೊಬ್ಬು ಎನ್ನುತ್ತಿದ್ದರು. ಆದರೂ ಅದು ಇತ್ತು. ತಕ್ಕಡಿ ಒಮ್ಮೆ ಸಮವಾಗಿ ನಿಂತರೆ ಅದು ಇಲ್ಲ ಎಂದು ದೇವರೆದುರು ಇತ್ಯರ್ಥವಾಗಿಬಿಡುತ್ತದೆ. ಆಮೇಲೆ ನಾನು ನರಳಿದರೆ ದೇವರನ್ನು ಸುಳ್ಳು ಮಾಡಿದಂತೆ, ಔಷಧ ಕೇಳಿದರೆ ನಂಬಿಕೆ ಇಲ್ಲದಂತೆ. ಬೆಳಗ್ಗೆ ಮಂಚದ ಅಂಚು ಹಿಡಿದು ಉಸಿರು ಬಿಗಿಹಿಡಿಯುವುದಂತೂ ತಪ್ಪುವುದಿಲ್ಲ. ಸದ್ದು ಮಾತ್ರ ಮಾಡುವಂತಿಲ್ಲ.

ಲೋಕೇಶರಿಗೆ ಹೇಳಿದೆ. “ನಾನು ತಕ್ಕಡಿ ಮೇಲೆ ಕೂರಲ್ಲ ರೀ.”

“ಅಮ್ಮನ ಸಮಾಧಾನಕ್ಕೆ ಒಂದ್ಸಲ ಕೂತ್ಬಿಡು. ಮಾತ್ರೆ ನಾನು ಗುಟ್ಟಾಗಿ ತಂದ್ಕೊಡ್ತೀನಿ.”

“ಗುಟ್ಟಾಗಿ ನುಂಗ್ಬೋದು. ಗುಟ್ಟಾಗಿ ನೋಯೋದು ಹೆಂಗೆ?”

ಅವರು ತಲೆ ಕೆರೆದುಕೊಂಡರು. ಒಳ್ಳೆಯ ಮನುಷ್ಯ, ನನ್ನನ್ನು ಎತ್ತಿ ನಡೆಸಿದವರು. ಆದರೆ ಹೆಂಡತಿಯ ಮಾತನ್ನು ತಾಯಿಗೆ ದಾಟಿಸುವಾಗ ಅರ್ಧ ದಾರಿಯಲ್ಲೇ ಕೆಳಗಿಟ್ಟು ಬರುವ ಅಭ್ಯಾಸ ಅವರದು.

ತುಲಾಭಾರ ಕಾರ್ತೀಕ ಸೋಮವಾರ ಎಂದು ನಿಶ್ಚಯವಾಯಿತು. ಅಟ್ಟದಿಂದ ಕಾಯಿ ಇಳಿಸಿದರು. ಮಾವ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಒಳ್ಳೆಯದನ್ನೇ ಆರಿಸಿದರು. ಆಳುಗಳು ಚಿಪ್ಪು ಒಡೆದು ಉಂಡೆಗೆ ಏಟು ಬೀಳದಂತೆ ಬಿಡಿಸಿದರು. ದೇವರಿಗೆ ಕೊಡುವುದರಲ್ಲಿ ಬಿರುಕು ಬಿಟ್ಟದ್ದು ಇರಬಾರದು. ಮನೆ ತುಂಬ ಆ ವಾಸನೆ. ಸೀರೆಗೆ, ದಿಂಬಿಗೆ, ಕುಡಿಯುವ ನೀರಿಗೆ ಕೂಡ ಅದೇ ವಾಸನೆ ಹತ್ತಿದಂತಿತ್ತು. ಅತ್ತೆ ಬೀದಿಯವರನ್ನೆಲ್ಲ ಕರೆದು ಹೇಳಿದ್ದರು. ಸೊಸೆಗೆ ವಾಸಿಯಾಯಿತು ಎಂದು ಹೇಳುವಾಗ ಅವರ ಮುಖದಲ್ಲಿದ್ದ ಸಂತೋಷ ನೋಡಿದರೆ, ಆಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ನನಗೇ ಅನ್ನಿಸುತ್ತಿತ್ತು.

ಗುಡಿ ಹಳೇಬೀಡಿನ ದಾರಿಯಿಂದ ಒಳಗೆ ಹೋದರೆ ಸಿಗುವ ಸಣ್ಣ ಊರಿನದು. ಅಲ್ಲಿ ತುಲಾಭಾರಕ್ಕೆ ಸಾಧನ ಇಲ್ಲ. ಮಂಡಿಯಲ್ಲಿ ಎಲೆಕ್ಟ್ರಾನಿಕ್ ಯಂತ್ರ ಬಂದ ಮೇಲೆ ಮೂಲೆಗೆ ಹಾಕಿದ್ದ ದೊಡ್ಡ ತಕ್ಕಡಿಯನ್ನು ಮಾವ ತೊಳೆಸಿ ತಂದಿದ್ದರು. ಗುಡಿಯ ಮುಂದಿನ ತೊಲೆಗೆ ಅದನ್ನು ನೇತುಹಾಕಿದರು. ಎಷ್ಟೋ ವರ್ಷ ಚೀಲಗಳನ್ನು ಹೊತ್ತ ಹಲಗೆಗೆ ಅರಿಶಿನ ಕುಂಕುಮ ಇಟ್ಟು, ಅದರ ಮೇಲೆ ಹೊಸ ಪಂಚೆ ಹಾಸಿದರು. ಊರಿನವರು ಒಂದಿಷ್ಟು ಜನ ಸೇರಿದ್ದರು. ತುಲಾಭಾರಕ್ಕೆ ಸಾಮಾನ್ಯವಾಗಿ ಕೂರುವುದು ಎಳೆ ಮಕ್ಕಳು. ನನ್ನನ್ನು ಕಂಡು ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ತಿವಿದುಕೊಂಡರು.

ಗುಡಿಯ ಅಯ್ಯನೋರು ವಯಸ್ಸಾದವರು. ಪೂಜೆ ಮುಗಿಸಿ ಹೊರಗೆ ಬಂದು ಕೇಳಿದರು. “ಏನಕ್ಕೆ ಹೊತ್ತಿದ್ರಿ ತಾಯಿ ಹರಕೆ? ನೆರವೇರ್ತಾ?”

ಅವರು ನನ್ನ ಕಡೆ ನೋಡುತ್ತಿದ್ದರು. ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ, “ಸೊಸೆ ಸೊಂಟನೋವಿಗೆ ಅಯ್ಯನೋರೆ. ನೆರವೇರ್ತು, ನಿಮ್ಮ ಆಶೀರ್ವಾದ” ಎಂದರು.

ನಾನು ಬಾಯಿ ಮುಚ್ಚಿ ಹಲಗೆಯ ಮೇಲೆ ಕೂತೆ. ಚಕ್ಕಳಮಕ್ಕಳ ಹಾಕಿ ಕೂರಬೇಕು. ನನ್ನ ಸೊಂಟಕ್ಕೆ ಅದಕ್ಕಿಂತ ಕೆಟ್ಟ ಭಂಗಿ ಇಲ್ಲ. ಹಗ್ಗ ಹಿಡಿದುಕೊಂಡೆ. ಆ ಕಡೆ ಹಲಗೆಗೆ ಕೊಬ್ಬರಿ ಸುರಿಯತೊಡಗಿದರು. ಉಂಡೆಗಳು ನಿಲ್ಲದೆ ಉರುಳಿ ಬೀಳುತ್ತಿದ್ದವು. ಬಿದ್ದದ್ದನ್ನು ದೇವರಿಗೆ ಕೊಡುವಂತಿಲ್ಲ ಎಂದು ಅದನ್ನು ತೆಗೆದಿಟ್ಟು ಬೇರೆ ಹಾಕುತ್ತಿದ್ದರು. ತಡವಾಗುತ್ತಲೇ ಹೋಯಿತು. “ಇನ್ನೂ ಹಾಕ್ರೀ, ಎದ್ದಿಲ್ಲ” ಎಂದು ಯಾರೋ ಅಂದರು. ಯಾರೋ ಕಿಸಕ್ಕೆಂದರು. ಅವಮಾನ ಆಗಲಿಲ್ಲವೆಂದರೆ ಸುಳ್ಳು. ಆದರೆ ಸೊಂಟದಿಂದ ತೊಡೆಗೆ ಇಳಿಯುತ್ತಿದ್ದ ಉರಿಯ ಮುಂದೆ ಅವಮಾನಕ್ಕೆ ಜಾಗ ಸಾಲಲಿಲ್ಲ.

“ಅತ್ತೆ, ನೋಯ್ತಿದೆ” ಎಂದೆ, ಮೆಲ್ಲಗೆ.

ಅವರು ಹತ್ತಿರ ಬಗ್ಗಿ, ಇನ್ನೂ ಮೆಲ್ಲಗೆ ಹೇಳಿದರು. “ತಡ್ಕೋ. ಅವನ ಎದುರಿಗೆ ಆ ಮಾತಾಡ್ಬೇಡ.”

ನನ್ನ ಹಲಗೆ ನೆಲ ಬಿಟ್ಟು ಅಲುಗಿತು. ಇನ್ನೊಂದು ಬುಟ್ಟಿ ಬಿದ್ದರೆ ಸಮವಾಗುತ್ತಿತ್ತೇನೋ. ಧೈರ್ಯ ಎಲ್ಲಿಂದ ಬಂತು ಎಂದು ಕೇಳಿದರೆ, ಅದು ಧೈರ್ಯವಲ್ಲ. ದಣಿವು. ಇನ್ನು ಸುಮ್ಮನಿರಲು ಬೇಕಾದ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

“ಅಯ್ಯನೋರೆ, ನಿಲ್ಸಿ” ಎಂದೆ, ಎಲ್ಲರಿಗೂ ಕೇಳುವಂತೆ. “ಹರಕೆ ನೆರವೇರಿಲ್ಲ. ನೋವು ಹೋಗಿಲ್ಲ. ಈಗಲೂ ನೋಯ್ತಿದೆ.”

ಬುಟ್ಟಿ ಎತ್ತಿದ್ದ ಆಳು ಹಾಗೆಯೇ ನಿಂತ. ಅತ್ತೆ ಅವಸರದಿಂದ ಮುಂದೆ ಬಂದು, “ಅವಳಿಗೆ ಗೊತ್ತಾಗಲ್ಲ ಅಯ್ಯನೋರೆ, ಮಾತಿಗಂತಾಳೆ, ನೀವು...” ಎಂದು ಶುರು ಮಾಡಿದರು. ಅಯ್ಯನೋರು ಕೈ ಎತ್ತಿದರು.

“ನೆರವೇರಿಲ್ಲ ಅಂತ ಆ ಮಗಳೇ ಹೇಳ್ತಾವ್ಳಲ್ಲ ಗೌರಮ್ಮನೋರೆ. ನೆರವೇರ್ದೆ ತೀರಿಸ್ಬಾರ್ದು. ದೇವ್ರಿಗೇನೂ ಅವಸರ ಇಲ್ಲ. ಇಳ್ಸಿ ಅವಳನ್ನ.”

ಇಳಿಯಲು ಹೋದರೆ ಕಾಲು ಬಿಡಿಸಲಾಗಲಿಲ್ಲ. ಲೋಕೇಶ್ ಬಂದು ಕಂಕುಳಿಗೆ ಕೈಕೊಟ್ಟು ಎತ್ತಿದರು. ಊರವರೆದುರು, ತಮ್ಮ ಅಪ್ಪ ಅಮ್ಮನೆದುರು. ನಾನು ಹೋ ಎಂದು ಕೂಗಿದೆ. ಆಗ ಯಾರೂ ನಗಲಿಲ್ಲ.

ವಾಪಸು ಬರುವಾಗ ಕೊಬ್ಬರಿ ಚೀಲಗಳು ಹಿಂದೆ, ನಾವು ಮುಂದೆ. ಕಾರಿನ ತುಂಬ ಅದೇ ವಾಸನೆ. ಕಿಟಕಿ ಇಳಿಸಿದರೂ ಹೋಗಲಿಲ್ಲ. ಮಾವ ಕೊನೆಗೆ, “ಕೊಬ್ಬರಿ ಏನೂ ಕೆಡಲ್ಲ. ಇಟ್ರೆ ಇರ್ತದೆ” ಎಂದರು. ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಅವರು ಅಳುತ್ತಿದ್ದರು. ನನಗೆ ಪಶ್ಚಾತ್ತಾಪ ಆಗಲಿಲ್ಲ, ಸಂಕಟ ಮಾತ್ರ ಆಯಿತು.

“ಬೀದಿಗೆಲ್ಲ ಹೇಳಿದೀನಿ” ಎಂದರು, ಯಾರಿಗೆಂದಿಲ್ಲದೆ. “ಈಗ ಕೇಳಿದ್ರೆ ಏನಂತ ಹೇಳ್ಲಿ ನಾನು?”

“ನೋವೈತೆ ಅಂತ ಹೇಳಿ ಅತ್ತೆ.”

ಅವರು ಕಿಟಕಿಯ ಕಡೆ ತಿರುಗಿದರು.

ಅರಸೀಕೆರೆ ಸೇರಿದಾಗ ಮಧ್ಯಾಹ್ನದ ಬಿಸಿಲು. ಆಳುಗಳು ಚೀಲ ಇಳಿಸತೊಡಗಿದರು. ಎದುರು ಮನೆಯ ಸರೋಜಕ್ಕ ಗೇಟಿನ ಹತ್ತಿರವೇ ಕಾದಿದ್ದರು. “ಏನ್ ಗೌರಕ್ಕ, ಚೆನ್ನಾಗಾಯ್ತಾ? ಎಷ್ಟು ತೂಗಿದ್ಲು?” ಎಂದು ಅಲ್ಲಿಂದಲೇ ಕೂಗಿದರು. ಆಮೇಲೆ ಅವರ ಕಣ್ಣು ಚೀಲಗಳ ಮೇಲೆ ಬಿತ್ತು.

ಅತ್ತೆ ಕಾರಿನ ಬಾಗಿಲು ಹಿಡಿದುಕೊಂಡು ನಿಂತಿದ್ದರು. ಅವರು ಏನಾದರೊಂದು ಹೇಳಿ ಮುಚ್ಚಿಬಿಡುತ್ತಾರೆ ಎಂದು ನಾನು ನೆಲ ನೋಡುತ್ತ ನಿಂತೆ. ಅಯ್ಯನೋರಿಗೆ ಮೈಲಿಗೆ ಬಂತು ಎನ್ನಬಹುದು, ತಕ್ಕಡಿ ಹಗ್ಗ ಹರಿಯಿತು ಎನ್ನಬಹುದು. ಬೀದಿಯವರು ಯಾವುದನ್ನು ಹೇಳಿದರೂ ನಂಬುತ್ತಿದ್ದರು.

“ತೂಗ್ಲಿಲ್ಲ ಕಣೇ ಸರೋಜಾ” ಎಂದರು ಅತ್ತೆ. “ಇವಳಿಗಿನ್ನೂ ನೋವೈತೆ.”

ಆಮೇಲೆ ನನ್ನ ಕಡೆ ತಿರುಗಿ, ಬೈಯುವ ದನಿಯಲ್ಲೇ, “ನೀನ್ಯಾಕೆ ಬಿಸಿಲಲ್ಲಿ ನಿಂತಿದೀಯ? ಹೋಗು, ಒಂದು ಗಳಿಗೆ ಮಲಕ್ಕೋ” ಎಂದರು.

ಹೋಗಿ ಮಲಗಿದೆ. ಏಳಲಾಗದೆ ಬಿದ್ದಿದ್ದ ದಿನಗಳನ್ನು ಬಿಟ್ಟರೆ, ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಹಾಡುಹಗಲಲ್ಲಿ ಬಾಗಿಲು ಹಾಕಿಕೊಳ್ಳದೆ ಮಲಗಿದ್ದು ಅದೇ ಮೊದಲು.